ಅಪರೂಪದ ಸೋಲ್ ಸಂಗೀತದ ಅಸಿಟೇಟ್ ತಟ್ಟೆಗಳು: ಕೊಳ್ಳುವ ಮುನ್ನ, ಕೊಂಡ ನಂತರ

1960ರ ದಶಕದ ಅಮೆರಿಕನ್ ಸೋಲ್ (ಕಪ್ಪು ಅಮೆರಿಕನ್ನರ ಜನಪ್ರಿಯ ಗಾಯನ ಶೈಲಿ) ಸಂಗೀತದ ರೆಕಾರ್ಡುಗಳನ್ನು ಸಂಗ್ರಹಿಸುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಹರಾಜಿಗೆ ಒಂದು ಅಸಿಟೇಟ್ ತಟ್ಟೆ ಬಂದಿದೆ, ‘ಜಗತ್ತಿನಲ್ಲಿ ಇದೊಂದೇ ಪ್ರತಿ’ ಎಂದು ಮಾರುವವರು ಬರೆದಿದ್ದಾರೆ, ಬೆಲೆ ಹೆಚ್ಚೇ ಇದೆ, ಕೊಳ್ಳಬಹುದೆ? ಈ ಪ್ರಶ್ನೆಗೆ ನೇರ ಉತ್ತರವಿಲ್ಲ. ಅಸಿಟೇಟುಗಳನ್ನು ಒಂದೊಂದಾಗಿಯೇ ಕೊರೆಯಲಾಗುತ್ತಿದ್ದುದರಿಂದ ‘ಒಂದೇ ಪ್ರತಿ’ ಎಂಬ ಮಾತು ಬೆಲೆಬಾಳುವ ತಟ್ಟೆಗೂ ಸಲ್ಲುತ್ತದೆ, ಮೂರು ಕಾಸಿನ ತಟ್ಟೆಗೂ ಸಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ತಟ್ಟೆಯನ್ನು ಯಾವುದರಿಂದ ಕೊರೆದರು? ಸ್ಟುಡಿಯೊದ ಮೂಲ ಟೇಪಿನಿಂದಲೋ ಅಥವಾ ಅಂಗಡಿಯಲ್ಲಿ ಸಿಗುತ್ತಿದ್ದ ಮತ್ತೊಂದು ರೆಕಾರ್ಡಿನಿಂದಲೋ? ಮುಂದಿನ ಹಂತಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ದಾರಿಗಳು.

ಮೊದಲು ವಸ್ತುವಿನ ಪರಿಚಯ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೆಕಾರ್ಡು ಅಚ್ಚಿನಲ್ಲಿ ಒತ್ತಿದ ವಿನೈಲ್ ಅಥವಾ ಪಾಲಿಸ್ಟೈರೀನ್ ತಟ್ಟೆ; ಒಂದೇ ಅಚ್ಚಿನಿಂದ ನೂರಾರು ಪ್ರತಿಗಳು ಬರುತ್ತವೆ. ಅಸಿಟೇಟ್ ಹಾಗಲ್ಲ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆದುವಾದ ಲ್ಯಾಕರ್ ಲೇಪವನ್ನು ಬಳಿದು, ಆ ಲೇಪದಲ್ಲಿ ಕೊರೆಯುವ ಯಂತ್ರದ ಮುಳ್ಳಿನಿಂದ ಹಾಡು ನಡೆಯುತ್ತಿರುವಾಗಲೇ ಸುರುಳಿಯಾಗಿ ತೋಡು ತೆಗೆಯುತ್ತಾರೆ. ಮೂರು ನಿಮಿಷದ ಹಾಡಿಗೆ ಮೂರು ನಿಮಿಷ ಬೇಕು, ಪ್ರತಿ ಒಂದು ಮಾತ್ರ. ಹೆಸರು ಅಸಿಟೇಟ್ ಎಂದಿದ್ದರೂ ಲೇಪ ನೈಟ್ರೊಸೆಲ್ಯುಲೋಸಿನದು. ಅದು ಗಡುಸಾಗದಿರಲೆಂದು ಹರಳೆಣ್ಣೆಯನ್ನೋ ಕರ್ಪೂರವನ್ನೋ ಬೆರೆಸುತ್ತಿದ್ದರು. ಇಂಥ ತಟ್ಟೆಗಳು 1934ರ ಸುಮಾರಿಗೆ ಫ್ರಾನ್ಸ್ ಮತ್ತು ಅಮೆರಿಕಗಳಲ್ಲಿ ಬಳಕೆಗೆ ಬಂದವು. ಕ್ಯಾಸೆಟ್ ಮನೆಮಾತಾಗುವ ಮುಂಚೆ, ನಿನ್ನೆ ಧ್ವನಿಮುದ್ರಿಸಿದ ಹಾಡನ್ನು ಇಂದು ನಿರ್ಮಾಪಕರ ಮನೆಯಲ್ಲೋ ರೇಡಿಯೊ ಕೇಂದ್ರದಲ್ಲೋ ಕೇಳಿಸಬೇಕೆಂದರೆ ಇದೇ ಸುಲಭ ಮಾರ್ಗವಾಗಿತ್ತು. ಹತ್ತಿಪ್ಪತ್ತು ಬಾರಿ ಕೇಳಿ ಎಸೆಯುವ ವಸ್ತುವೆಂದೇ ಅದನ್ನು ಮಾಡುತ್ತಿದ್ದರು ಎಂಬುದನ್ನು ಸಂಗ್ರಾಹಕರು ಮರೆಯಬಾರದು.

ಇಂಥ ತಟ್ಟೆಗಳಿಗೆ ಬೆಲೆ ಬಂದದ್ದು ಅವು ಹುಟ್ಟಿದ ಅಮೆರಿಕದಲ್ಲಿ ಅಲ್ಲ, ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆ ಊರುಗಳಲ್ಲಿ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವ್ಹೀಲ್, ಸ್ಟೋಕ್ ಸಮೀಪದ ಗೋಲ್ಡನ್ ಟಾರ್ಚ್, ಬ್ಲ್ಯಾಕ್‌ಪೂಲ್ ಮೆಕ್ಕಾ ಮತ್ತು 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ ನಡೆದ ವಿಗನ್ ಕ್ಯಾಸಿನೊ ಎಂಬ ನೃತ್ಯ ಕ್ಲಬ್ಬುಗಳಲ್ಲಿ ಯುವಕರು, ಅಮೆರಿಕದಲ್ಲಿ ಮಾರಾಟವಾಗದೆ ಮೂಲೆ ಸೇರಿದ್ದ ವೇಗದ ಲಯದ ಸೋಲ್ ಹಾಡುಗಳಿಗೆ ರಾತ್ರಿಯಿಡೀ ಕುಣಿಯುತ್ತಿದ್ದರು. ಈ ಸಂಗೀತಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟವರು ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಡೇವ್ ಗೋಡಿನ್. ಬೇರೆ ಯಾರ ಬಳಿಯೂ ಇಲ್ಲದ ಹಾಡನ್ನು ನುಡಿಸುವುದೇ ಅಲ್ಲಿನ ಡಿಜೆಗಳ ಪ್ರತಿಷ್ಠೆಯಾಗಿದ್ದುದರಿಂದ, ಬಿಡುಗಡೆಯೇ ಆಗದ ಹಾಡಿರುವ ಅಸಿಟೇಟಿಗೆ ಸಹಜವಾಗಿಯೇ ಬೇಡಿಕೆ ಏರಿತು.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಓರೆಯಾಗಿ ಬೆಳಕು ಬೀಳಿಸಬಹುದಾದ ಸಣ್ಣ ಟಾರ್ಚು, ಮುಳ್ಳಿನ ಭಾರವನ್ನು ಹೊಂದಿಸಬಹುದಾದ ಒಳ್ಳೆಯ ಟರ್ನ್‌ಟೇಬಲ್, ಮುಳ್ಳಿನ ಭಾರ ಅಳೆಯುವ ಪುಟ್ಟ ತಕ್ಕಡಿ, ಕಂಪ್ಯೂಟರಿಗೆ ಧ್ವನಿಯನ್ನು ಇಳಿಸುವ ಸಾಧನ, ತೇವಮಾಪಕ. ಇವುಗಳಿಗಿಂತ ಮುಖ್ಯವಾದದ್ದು, ಮಾರುವವರಿಗೆ ಐದಾರು ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಹಣ ಕಳುಹಿಸದೆ ಕಾಯುವ ತಾಳ್ಮೆ.

1. ಯಾವ ಬಗೆಯ ಅಸಿಟೇಟ್ ಎಂದು ತಿಳಿಯಿರಿ

ಮಾರುಕಟ್ಟೆಯಲ್ಲಿ ಎಲ್ಲವನ್ನೂ ‘ಅಸಿಟೇಟ್’ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಆದರೆ ಅವುಗಳಲ್ಲಿ ಕನಿಷ್ಠ ನಾಲ್ಕು ಬಗೆಗಳಿವೆ.

ಮೊದಲನೆಯದು ಸ್ಟುಡಿಯೊ ಅಸಿಟೇಟ್. ಡೆಟ್ರಾಯಿಟ್, ಷಿಕಾಗೊ, ಫಿಲಡೆಲ್ಫಿಯ, ನ್ಯೂಯಾರ್ಕ್, ಮೆಂಫಿಸ್ ಮುಂತಾದ ಊರುಗಳ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣ ಮುಗಿದೊಡನೆ ಟೇಪಿನಿಂದ ಕೊರೆದು ಗಾಯಕರಿಗೋ ನಿರ್ಮಾಪಕರಿಗೋ ಕೊಟ್ಟದ್ದು. ಕೆಲವೊಮ್ಮೆ ಇದರಲ್ಲಿರುವ ಮಿಶ್ರಣ, ಎಂದರೆ ವಾದ್ಯ ಮತ್ತು ಕಂಠಗಳನ್ನು ಹೊಂದಿಸಿದ ರೀತಿ, ಬಿಡುಗಡೆಯಾದ ರೆಕಾರ್ಡಿನದಕ್ಕಿಂತ ಭಿನ್ನವಾಗಿರುತ್ತದೆ. ಕೆಲವೊಮ್ಮೆ ಹಾಡು ಬಿಡುಗಡೆಯೇ ಆಗಿರುವುದಿಲ್ಲ. ಸಂಗ್ರಾಹಕರು ಹುಡುಕಬೇಕಾದದ್ದು ಇದನ್ನೇ.

ಎರಡನೆಯದು ಪ್ರಕಾಶಕರ ಡೆಮೊ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ 1619 ಮತ್ತು 1650ನೆಯ ಸಂಖ್ಯೆಯ ಕಟ್ಟಡಗಳಲ್ಲಿ ಸಂಗೀತ ಪ್ರಕಾಶಕರ ಕಚೇರಿಗಳು ತುಂಬಿದ್ದವು. ಹೊಸ ಹಾಡನ್ನು ಹೆಸರಾಂತ ಗಾಯಕರಿಗೆ ಒಪ್ಪಿಸಲೆಂದು, ಕಡಿಮೆ ಖರ್ಚಿನಲ್ಲಿ ಯಾರಿಂದಲೋ ಹಾಡಿಸಿ ಅಸಿಟೇಟ್ ಕೊರೆಸುತ್ತಿದ್ದರು. ಬರೀ ಪಿಯಾನೊ ಮತ್ತು ಕಂಠ ಇರುವ ಇಂಥ ಡೆಮೊಗಳು ಸಾಕಷ್ಟು ಸಿಗುತ್ತವೆ, ಬೆಲೆಯೂ ಕಡಿಮೆ. ಹೊಸಬರು ಇಲ್ಲಿಂದ ಆರಂಭಿಸುವುದು ಒಳಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಇವನ್ನು ನಕಲು ಮಾಡಿ ಲಾಭ ಗಳಿಸುವಂತಿಲ್ಲ, ಹಾಗಾಗಿ ಮೋಸವೂ ಕಡಿಮೆ.

ಮೂರನೆಯದು ‘ಕಾರ್ವರ್’. ಇದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳ ಆಡುಮಾತು. ಒಬ್ಬ ಡಿಜೆಯ ಬಳಿ ಇರುವ ಅಪರೂಪದ ರೆಕಾರ್ಡನ್ನು ಇನ್ನೊಬ್ಬರು ನುಡಿಸಬೇಕೆಂದಾಗ ಅದರಿಂದ ನೇರವಾಗಿ ಅಸಿಟೇಟಿಗೆ ಇಳಿಸಿಕೊಂಡ ಪ್ರತಿ ಇದು. ಬ್ರಿಟನ್ನಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಸುತ್ತಿದ್ದದ್ದು ಇಎಂಐ ಸಂಸ್ಥೆಯ ‘ಎಮಿಡಿಸ್ಕ್’ ಖಾಲಿ ತಟ್ಟೆಗಳನ್ನು. ಫ್ರಾಂಕ್ ವಿಲ್ಸನ್ 1965ರಲ್ಲಿ ಡೆಟ್ರಾಯಿಟಿನ ಮೋಟೌನ್ ರೆಕಾರ್ಡ್ ಕಂಪನಿಯ ‘ಸೋಲ್’ ಎಂಬ ಹೆಸರಿನ ಲೇಬಲ್ಲಿಗೆ ಹಾಡಿದ, ಕೈಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿರುವ ರೆಕಾರ್ಡು ವಿಗನ್ ಕ್ಯಾಸಿನೊದಲ್ಲಿ ಮೊದಲು ಕೇಳಿಬಂದದ್ದು ಇಂಥ ಅಸಿಟೇಟ್ ಪ್ರತಿಯಿಂದ, ಅದೂ ‘ಎಡ್ಡಿ ಫಾಸ್ಟರ್’ ಎಂಬ ಸುಳ್ಳು ಹೆಸರಿನಲ್ಲಿ. ಆ ರೆಕಾರ್ಡಿನ ಮೂಲ ಪ್ರತಿಯೊಂದು 2009ರಲ್ಲಿ 25,000 ಪೌಂಡುಗಳಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು; ಅದರಿಂದ ಇಳಿಸಿಕೊಂಡ ಕಾರ್ವರಿಗೆ ಆ ಬೆಲೆಯ ನೆರಳೂ ಸಲ್ಲದು. ಕ್ಲಬ್ಬಿನ ಇತಿಹಾಸದ ತುಣುಕೆಂದು ಕಾರ್ವರ್ ಕೊಳ್ಳುವುದು ತಪ್ಪಲ್ಲ, ಆದರೆ ಸ್ಟುಡಿಯೊ ಅಸಿಟೇಟಿನ ಬೆಲೆ ಕೊಟ್ಟು ಕೊಳ್ಳಬಾರದು.

ನಾಲ್ಕನೆಯದು ತೀರ ಈಚಿನದು: 1980ರ ದಶಕದಿಂದೀಚೆಗೆ ಮರುಬಿಡುಗಡೆ ಕಂಪನಿಗಳು ಹಳೆಯ ಟೇಪುಗಳ ಉಗ್ರಾಣದಲ್ಲಿ ಹುಡುಕಿ ತೆಗೆದ ಹಾಡುಗಳನ್ನು ಡಿಜೆಗಳಿಗಾಗಿ ಕೊರೆಸಿದ ತಟ್ಟೆಗಳು. ಇವುಗಳ ಮೂಲ ಟೇಪು ಅಸಲಿ, ತಟ್ಟೆ ಮಾತ್ರ ಹೊಸದು. ಮಾರುವವರು ಹಾಗೆಂದೇ ಹೇಳಿದರೆ ತಕರಾರಿಲ್ಲ.

2. ತಟ್ಟೆಯ ಮೈಯನ್ನು ನೋಡಿ

ಅಂಚಿನಿಂದ ಆರಂಭಿಸಿ. ಭೂತಗನ್ನಡಿಯಲ್ಲಿ ಅಂಚನ್ನು ನೋಡಿದರೆ ಎರಡು ಕಪ್ಪು ಪದರಗಳ ನಡುವೆ ಬೆಳ್ಳನೆಯ ಲೋಹದ ಗೆರೆ ಕಾಣಬೇಕು. ಗೆರೆ ಇಲ್ಲದೆ ಉದ್ದಕ್ಕೂ ಒಂದೇ ಬಣ್ಣವಿದ್ದರೆ ಅದು ಪ್ಲಾಸ್ಟಿಕ್ ತಟ್ಟೆ. ಇಂದಿನ ಕೆಲವು ಸಣ್ಣ ಯಂತ್ರಗಳು ಪ್ಲಾಸ್ಟಿಕ್ಕಿನ ಮೇಲೂ ಕೊರೆಯುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ಮೇಲೆ ಲೇಪ ಬಳಿದದ್ದೂ ಉಂಟು, ಆದರೆ ಸೋಲ್ ಸಂಗೀತದ ಕಾಲಕ್ಕೆ ಗಾಜಿನ ತಟ್ಟೆ ಬಂದರೆ ಅನುಮಾನಿಸಬೇಕು.

ಅನಂತರ ನಡುಭಾಗ. ಅಮೆರಿಕದ ಏಳಂಗುಲದ ಸಾಮಾನ್ಯ ರೆಕಾರ್ಡಿಗೆ ಒಂದೂವರೆ ಅಂಗುಲದ ದೊಡ್ಡ ತೂತು ಇರುತ್ತದೆ. ಅಸಿಟೇಟಿಗೆ ಬಹುತೇಕ ಯಾವಾಗಲೂ ಸಣ್ಣ ತೂತು. ಅದರ ಪಕ್ಕದಲ್ಲಿ, ಲೇಬಲ್ಲಿನ ಅಡಿಯಲ್ಲಿ, ಇನ್ನೂ ಒಂದೋ ಎರಡೋ ತೂತುಗಳಿರಬಹುದು. ಕೊರೆಯುವಾಗ ತಟ್ಟೆ ಜಾರದಂತೆ ಯಂತ್ರದ ಗೂಟಕ್ಕೆ ಸಿಕ್ಕಿಸಲು ಮಾಡಿದ ತೂತುಗಳಿವು. ಲೇಬಲ್ಲಿನ ಮೇಲೆ ಬೆರಳಾಡಿಸಿದರೆ ಕಾಗದ ಅಲ್ಲಿ ತುಸು ತಗ್ಗಿರುವುದು ತಿಳಿಯುತ್ತದೆ. ಎಲ್ಲ ಅಸಿಟೇಟುಗಳಲ್ಲೂ ಈ ತೂತು ಇರಲೇಬೇಕೆಂದಿಲ್ಲ, ಆದ್ದರಿಂದ ಅದು ಇಲ್ಲವೆಂಬ ಒಂದೇ ಕಾರಣಕ್ಕೆ ತಟ್ಟೆಯನ್ನು ತಳ್ಳಿಹಾಕಬೇಡಿ.

ಹಾಡು ಮುಗಿದ ಮೇಲಿನ ಖಾಲಿ ಜಾಗವನ್ನೂ ನೋಡಿ. ಒತ್ತಿದ ರೆಕಾರ್ಡಿನಲ್ಲಿ ಅಲ್ಲಿ ಅಚ್ಚಿನ ಸಂಖ್ಯೆ ಮತ್ತು ಕಾರ್ಖಾನೆಯ ಗುರುತುಗಳು ಇರುತ್ತವೆ. ಅಸಿಟೇಟಿನಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಒಂದೇ ಬದಿಯಲ್ಲಿ ಹಾಡಿದ್ದು ಇನ್ನೊಂದು ಬದಿ ನುಣ್ಣಗೆ ಖಾಲಿ ಇರುವುದು ಸಹಜ, ಅದು ಕುಂದಲ್ಲ.

3. ಲೇಬಲ್ಲನ್ನು ಸಾಕ್ಷಿಯಂತೆ ಓದಿ

ಅಸಿಟೇಟಿನ ಲೇಬಲ್ಲಿನಲ್ಲಿ ಅಚ್ಚಾದ ಭಾಗ ಮತ್ತು ತುಂಬಿದ ಭಾಗ ಎಂದು ಎರಡಿವೆ. ಅಚ್ಚಾದದ್ದು ಸ್ಟುಡಿಯೊದ ಹೆಸರು ಮತ್ತು ವಿಳಾಸ, ಇಲ್ಲವೇ ಖಾಲಿ ತಟ್ಟೆ ತಯಾರಿಸಿದ ‘ಆಡಿಯೊಡಿಸ್ಕ್’ನಂಥ ಕಂಪನಿಯ ಹೆಸರು. ತುಂಬಿದ್ದು ಹಾಡು, ಗಾಯಕರು, ಅವಧಿ, ದಿನಾಂಕ, ಬೆರಳಚ್ಚಿನಲ್ಲೋ ಕೈಬರಹದಲ್ಲೋ. ಡೆಟ್ರಾಯಿಟಿನ ಯುನೈಟೆಡ್ ಸೌಂಡ್, ನ್ಯೂಯಾರ್ಕಿನ ಬೆಲ್ ಸೌಂಡ್, ಫಿಲಡೆಲ್ಫಿಯದ ವರ್ಚೂ ಮತ್ತು ಸಿಗ್ಮಾ ಸೌಂಡ್, ಷಿಕಾಗೊದ ಯುನಿವರ್ಸಲ್ ಇವೆಲ್ಲ ಸೋಲ್ ಸಂಗ್ರಾಹಕರಿಗೆ ಪರಿಚಿತ ಹೆಸರುಗಳು. ಸ್ಟುಡಿಯೊ ಯಾವಾಗ ಆರಂಭವಾಯಿತೆಂದು ತಿಳಿದಿದ್ದರೆ ಅರ್ಧ ಕೆಲಸ ಮುಗಿಯಿತು. ಸಿಗ್ಮಾ ಸೌಂಡ್ ತೆರೆದದ್ದು 1968ರಲ್ಲಿ. ಆ ಲೇಬಲ್ಲಿನ ಮೇಲೆ 1965 ಎಂದು ಬರೆದಿದ್ದರೆ ಬರೆದವರು ಸುಳ್ಳು ಹೇಳುತ್ತಿದ್ದಾರೆ.

ಕಾಲ ನಿರ್ಣಯಕ್ಕೆ ವಿಳಾಸದಷ್ಟು ಉಪಯುಕ್ತವಾದದ್ದು ಬೇರೆ ಇಲ್ಲ. ಅಮೆರಿಕದ ದೊಡ್ಡ ನಗರಗಳಲ್ಲಿ 1943ರಿಂದ ಅಂಚೆ ವಲಯದ ಒಂದೆರಡು ಅಂಕಿಗಳನ್ನು ಊರಿನ ಹೆಸರಿನ ಮುಂದೆ ಬರೆಯುತ್ತಿದ್ದರು: ‘ನ್ಯೂಯಾರ್ಕ್ 19’, ‘ಡೆಟ್ರಾಯಿಟ್ 8’ ಎಂಬಂತೆ. 1963ರ ಜುಲೈ 1ರಂದು ಐದಂಕಿಯ ಜಿಪ್ ಕೋಡ್ ಜಾರಿಗೆ ಬಂದ ಮೇಲೆ ಅವೇ ವಲಯಗಳು 10019 ಮತ್ತು 48208 ಆದವು. ಆದ್ದರಿಂದ ಲೇಬಲ್ಲಿನಲ್ಲಿ ಐದಂಕಿ ಅಚ್ಚಾಗಿದ್ದರೆ ತಟ್ಟೆ 1963ರ ಜುಲೈಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಇದರ ತಿರುವುಮುರುವು ಮಾತ್ರ ನಿಜವಲ್ಲ: ಮೊದಲೇ ಅಚ್ಚು ಹಾಕಿಸಿದ ಲೇಬಲ್ಲುಗಳನ್ನು ಮುಗಿಯುವ ತನಕ ಬಳಸುವುದು ಎಲ್ಲ ಕಚೇರಿಗಳ ರೂಢಿಯಾದ್ದರಿಂದ, ವಲಯದ ಅಂಕಿಯಿರುವ ಲೇಬಲ್ 1965ರ ತಟ್ಟೆಯ ಮೇಲೂ ಇರಬಹುದು. ದೂರವಾಣಿ ಸಂಖ್ಯೆಯದೂ ಇದೇ ಕಥೆ. ಎರಡು ಅಕ್ಷರ ಮತ್ತು ಐದು ಅಂಕಿಗಳ ಸಂಖ್ಯೆ ಹಳೆಯ ಪದ್ಧತಿ. ಪೂರ್ತಿ ಅಂಕಿಗಳ ಪದ್ಧತಿ 1960ರ ದಶಕದುದ್ದಕ್ಕೂ ಊರೂರಿಗೆ ನಿಧಾನವಾಗಿ ಹಬ್ಬಿತು.

ಎಚ್ಚರಿಕೆ: ಅಮೆರಿಕದ ಗಾಯಕರ ಹೆಸರು ಎಮಿಡಿಸ್ಕ್ ಲೇಬಲ್ಲಿನ ಮೇಲಿದ್ದರೆ ಅದನ್ನು ಕಾರ್ವರ್ ಎಂದೇ ಭಾವಿಸಿ ಮುಂದುವರಿಯಿರಿ. ಲಂಡನ್ನಿನ ಕಂಪನಿಗಳು ಬಿಡುಗಡೆಗೆ ಪರಿಶೀಲಿಸಲೆಂದು ಅಮೆರಿಕದ ಟೇಪಿನಿಂದ ಕೊರೆಸಿದ್ದೂ ಇದೆ, ಆದರೆ ಅದನ್ನು ಸಾಬೀತುಪಡಿಸುವ ಹೊರೆ ಮಾರುವವರದು. ಡಿಜೆಗಳು ಪ್ರತಿಸ್ಪರ್ಧಿಗಳ ಕಣ್ಣು ತಪ್ಪಿಸಲು ಹಾಡಿನ ಮತ್ತು ಗಾಯಕರ ಹೆಸರನ್ನೇ ಬದಲಿಸುತ್ತಿದ್ದುದರಿಂದ, ಕಾರ್ವರಿನ ಮೇಲೆ ಬರೆದ ಹೆಸರನ್ನು ‘ಯಾರಿಗೂ ತಿಳಿಯದ ಗಾಯಕ’ ಎಂದು ನಂಬಿ ಕೊಂಡವರು ಬಹಳ ಮಂದಿ.

4. ಪೂರ್ತಿ ಹಾಡಿನ ಧ್ವನಿಯನ್ನು ತರಿಸಿಕೊಂಡು ಕೇಳಿ

ಮೂವತ್ತು ಸೆಕೆಂಡಿನ ತುಣುಕನ್ನು ಒಪ್ಪಿಕೊಳ್ಳಬೇಡಿ. ಮುಳ್ಳು ತಟ್ಟೆಗೆ ತಾಗಿದ ಕ್ಷಣದಿಂದ ಹಾಡು ಮುಗಿದು ಮುಳ್ಳು ಎತ್ತುವವರೆಗಿನ ಧ್ವನಿ ಬೇಕೆಂದು ಕೇಳಿ, ಶಬ್ದ ಶುದ್ಧೀಕರಣ ಮಾಡದೆ ಕಳುಹಿಸಲು ಹೇಳಿ. ಹಾಡಿಗಿಂತ ಹಾಡಿನ ಹಿಂದುಮುಂದಿನ ನಿಶ್ಶಬ್ದ ಹೆಚ್ಚು ಹೇಳುತ್ತದೆ.

ಹೆಡ್‌ಫೋನಿನಲ್ಲಿ ಮೊದಲ ಐದು ಸೆಕೆಂಡುಗಳನ್ನು ಹಲವು ಬಾರಿ ಕೇಳಿ. ಟೇಪಿನಿಂದ ಕೊರೆದದ್ದಾದರೆ, ಮೊದಲು ತಟ್ಟೆಯ ಸದ್ದು ಮಾತ್ರ ಇರುತ್ತದೆ, ಆಮೇಲೆ ಟೇಪಿನ ಸಣ್ಣ ‘ಹಿಸ್’ ಒಮ್ಮೆಗೇ ಸೇರಿಕೊಳ್ಳುತ್ತದೆ, ಅನಂತರ ಹಾಡು. ಅದೃಷ್ಟವಿದ್ದರೆ ಎಂಜಿನಿಯರ್ ‘ಟೇಕ್ ಫೋರ್’ (ನಾಲ್ಕನೆಯ ಪ್ರಯತ್ನ) ಎನ್ನುವುದೋ, ಡ್ರಮ್ ಬಾರಿಸುವವರು ಕೋಲು ತಟ್ಟಿ ಲಯ ಎಣಿಸುವುದೋ ಕೇಳಿಸುತ್ತದೆ. ಇವನ್ನೆಲ್ಲ ಬಿಡುಗಡೆಗೆ ಮುನ್ನ ಕತ್ತರಿಸುತ್ತಿದ್ದುದರಿಂದ ಒತ್ತಿದ ರೆಕಾರ್ಡಿನಿಂದ ಮಾಡಿದ ನಕಲಿನಲ್ಲಿ ಇವು ಇರುವುದು ಅಪರೂಪ. ಕಾರ್ವರಾದರೆ ಎರಡು ಬಗೆಯ ಚಟಪಟ ಕೇಳುತ್ತದೆ: ಒಂದು ನಿಮ್ಮೆದುರಿನ ತಟ್ಟೆಯದು, ಇನ್ನೊಂದು ಅದರ ಹಿಂದೆ ಮಸುಕಾಗಿ, ಮೂಲ ರೆಕಾರ್ಡಿನದು. ಆ ಎರಡನೆಯ ಚಟಪಟ ಹಾಡಿಗಿಂತ ತುಸು ಮೊದಲು ಆರಂಭವಾಗಿ, ಹಾಡಿನ ಕೊನೆಗೆ ಧ್ವನಿ ಇಳಿದಂತೆ ಎದ್ದು ಕೇಳಿಸಿ, ಥಟ್ಟನೆ ನಿಂತುಹೋಗುತ್ತದೆ. ಹಾಡು ನಿಂತ ನಂತರವೂ ತಟ್ಟೆ ತಿರುಗುತ್ತಿರುವಾಗ ಹಿನ್ನೆಲೆಯ ಚಟಪಟ ಮಾತ್ರ ನಿಂತಿತೆಂದರೆ, ಮುಂದೆ ವಿಚಾರಿಸುವ ಅಗತ್ಯವೇ ಇಲ್ಲ.

ಸಿಡಿಯಿಂದಲೋ ಕಂಪ್ಯೂಟರಿನಿಂದಲೋ ಕೊರೆದ ಹೊಸ ನಕಲುಗಳು ಇದಕ್ಕಿಂತ ಜಾಣತನದವು, ಏಕೆಂದರೆ ಅವುಗಳಲ್ಲಿ ಹಿನ್ನೆಲೆಯ ಚಟಪಟ ಇರುವುದಿಲ್ಲ. ಅಂಥ ಅನುಮಾನ ಬಂದರೆ ಮರುಬಿಡುಗಡೆಯಾದ ಸಿಡಿಯ ಧ್ವನಿಯ ಪಕ್ಕದಲ್ಲಿಟ್ಟು ಹೋಲಿಸಿ: ಹಾಡಿನ ಅವಧಿ, ಕೊನೆಯಲ್ಲಿ ಧ್ವನಿ ಇಳಿಯುವ ಜಾಗ, ಆರಂಭದ ಮೊದಲ ಬಡಿತ. ಮೂರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ ನಕಲೆಂಬ ಸಾಧ್ಯತೆ ಬಲವಾಗುತ್ತದೆ.

5. ಹಾಡನ್ನು ದಾಖಲೆಗಳಲ್ಲಿ ಹುಡುಕಿ

ಹಾಡು ಬಿಡುಗಡೆಯಾಗಿದೆಯೇ ಎಂದು ಡಿಸ್ಕಾಗ್ಸ್ ಮತ್ತು 45ಕ್ಯಾಟ್ ಎಂಬ ಅಂತರ್ಜಾಲದ ರೆಕಾರ್ಡ್ ಸೂಚಿಗಳಲ್ಲಿ ನೋಡುವುದು ಎಲ್ಲರಿಗೂ ಗೊತ್ತು. ಅಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ‘ಬಿಡುಗಡೆಯಾಗದ ಹಾಡು’ ಎಂದು ತೀರ್ಮಾನಿಸಬಾರದು, ಏಕೆಂದರೆ ಅದೇ ಹಾಡು ಬೇರೆ ಶೀರ್ಷಿಕೆಯಲ್ಲಿ ಹೊರಬಂದಿರಬಹುದು.

ಹೆಚ್ಚಿನ ಸಂಗ್ರಾಹಕರು ಬಳಸದ ಒಂದು ಆಕರವಿದೆ. ಅಮೆರಿಕದ ಕೃತಿಸ್ವಾಮ್ಯ ಕಚೇರಿ 1978ಕ್ಕೆ ಮುಂಚೆ ನೋಂದಣಿಯಾದ ಕೃತಿಗಳ ಪಟ್ಟಿಯನ್ನು ಸಂಪುಟಗಳಾಗಿ ಪ್ರಕಟಿಸುತ್ತಿತ್ತು. ಅವು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅದರ ಸಂಗೀತ ವಿಭಾಗದಲ್ಲಿ ಪ್ರಕಟವಾದ ಹಾಡಿನ ನೋಂದಣಿ ಸಂಖ್ಯೆ ‘ಇಪಿ’ ಎಂದೂ, ಪ್ರಕಟವಾಗದ ಹಾಡಿನದು ‘ಇಯು’ ಎಂದೂ ಆರಂಭವಾಗುತ್ತದೆ. ಲೇಬಲ್ಲಿನ ಮೇಲೆ ಹಾಡಿನ ಹೆಸರಷ್ಟೇ ಇದ್ದು ಗಾಯಕರ ಹೆಸರಿಲ್ಲದಿದ್ದರೆ ಈ ಸಂಪುಟಗಳಲ್ಲಿ ರಚನಕಾರರ ಮತ್ತು ಪ್ರಕಾಶಕರ ಹೆಸರು, ನೋಂದಣಿಯ ದಿನಾಂಕ ದೊರೆಯುತ್ತವೆ. ಪ್ರಕಾಶಕರು ಜೋಬೀಟ್ ಆಗಿದ್ದರೆ ಅದು ಆಗ ಮೋಟೌನಿನ ಅಂಗಸಂಸ್ಥೆಯಾಗಿತ್ತು, ಅಲ್ಲಿಂದ ಗಾಯಕರ ಪತ್ತೆ ಸುಲಭ. ರಚನಕಾರರ ಪರವಾಗಿ ಗೌರವಧನ ಸಂಗ್ರಹಿಸುವ ಬಿಎಂಐ ಮತ್ತು ಆಸ್ಕ್ಯಾಪ್ ಸಂಸ್ಥೆಗಳ ಹಾಡುಗಳ ಪಟ್ಟಿಯನ್ನೂ ಇದರ ಜೊತೆ ನೋಡಿ. ಒಂದೇ ಶೀರ್ಷಿಕೆಯ ಹಾಡುಗಳು ಡಜನ್ನುಗಟ್ಟಲೆ ಇರುವುದರಿಂದ ದಿನಾಂಕ ಮತ್ತು ಊರು ಎರಡೂ ಹೊಂದುವವರೆಗೆ ನಿರ್ಧರಿಸಬೇಡಿ.

6. ಸ್ಥಿತಿಯನ್ನು ಅಳೆದು ಬೆಲೆ ಕಟ್ಟಿ

ವಿನೈಲ್ ರೆಕಾರ್ಡಿನ ದರ್ಜೆಗಳು ಅಸಿಟೇಟಿಗೆ ಸಲ್ಲವು. ಕನ್ನಡಿಯಂತೆ ಹೊಳೆಯುವ ತಟ್ಟೆ ನುಡಿಸಿದಾಗ ಕರಕರ ಎನ್ನಬಹುದು, ಏಕೆಂದರೆ ಭಾರದ ಮುಳ್ಳು ತೋಡಿನ ಗೋಡೆಯನ್ನು ಸವೆಸಿರುವುದು ಬರಿಗಣ್ಣಿಗೆ ಕಾಣದು. ಓರೆ ಬೆಳಕಿನಲ್ಲಿ ತೋಡುಗಳು ಬೂದು ಬಣ್ಣಕ್ಕೆ ತಿರುಗಿದ್ದರೆ ಬಹಳ ಸಲ ನುಡಿಸಲಾಗಿದೆ ಎಂದರ್ಥ. ಮೊದಲು ಹೋಗುವುದು ಝಲ್ಲರಿ ಮತ್ತು ‘ಸ’ಕಾರದಂಥ ಏರುದನಿಗಳು.

ಮೇಲ್ಮೈಯಲ್ಲಿ ಬಿಳಿಯ ಪುಡಿ ಅಥವಾ ಜಿಡ್ಡಿನ ಪೊರೆ ಕಂಡರೆ ಅದು ಬೂಷ್ಟೇ ಆಗಬೇಕೆಂದಿಲ್ಲ. ಲೇಪದೊಳಗಿನ ಹರಳೆಣ್ಣೆ ತೇವಾಂಶದಿಂದ ಒಡೆದು ಕೊಬ್ಬಿನ ಆಮ್ಲಗಳಾಗಿ ಹೊರಬರುತ್ತಿರುವ ಲಕ್ಷಣ ಅದು. ಎಣ್ಣೆ ಹೋದಷ್ಟೂ ಲೇಪ ಕುಗ್ಗುತ್ತದೆ, ಅದರಡಿಯ ಅಲ್ಯೂಮಿನಿಯಂ ಕುಗ್ಗುವುದಿಲ್ಲ. ಕೊನೆಗೆ ಬೇಸಿಗೆಯ ಕೆರೆಯಂಗಳದಂತೆ ಲೇಪ ಬಿರಿದು ಎದ್ದುಬರುತ್ತದೆ. ಬಿಳಿಪುಡಿಯ ಹಂತದಲ್ಲಿ ತಟ್ಟೆಯನ್ನು ಉಳಿಸಬಹುದು. ಬಿರುಕು ಕಂಡ ಮೇಲೆ ಉಳಿಸಲಾಗದು. ಬಿರುಕಿನ ತಟ್ಟೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಬೆಲೆಯನ್ನು ನಿರ್ಧರಿಸುವುದು ಹಾಡು ಬೇರೆಲ್ಲೂ ಸಿಗದಿರುವುದು, ಅಥವಾ ಸಿಗುವುದಕ್ಕಿಂತ ಭಿನ್ನವಾಗಿರುವುದು. ಸೋಲ್ ಅಲ್ಲದ, ರಾಕ್ ಕ್ಷೇತ್ರದ ಒಂದು ಪ್ರಸಿದ್ಧ ಪ್ರಸಂಗ ಇಲ್ಲಿ ಪಾಠವಾಗುತ್ತದೆ. ವೆಲ್ವೆಟ್ ಅಂಡರ್‌ಗ್ರೌಂಡ್ ತಂಡವು ಸೋಲ್ ಸಂಗೀತಕ್ಕೆ ಹೆಸರಾದ ಸೆಪ್ಟರ್ ಕಂಪನಿಯ ಸ್ಟುಡಿಯೊದಲ್ಲಿ 1966ರಲ್ಲಿ ಮಾಡಿದ ಧ್ವನಿಮುದ್ರಣದ ಅಸಿಟೇಟೊಂದು 2002ರಲ್ಲಿ ನ್ಯೂಯಾರ್ಕಿನ ಬೀದಿ ಮಾರಾಟದಲ್ಲಿ 75 ಸೆಂಟಿಗೆ ಸಿಕ್ಕಿತು. ಅದರಲ್ಲಿದ್ದ ಹಾಡುಗಳ ಮಿಶ್ರಣ ಬಿಡುಗಡೆಯಾದ ಆಲ್ಬಮ್ಮಿನದಕ್ಕಿಂತ ಬೇರೆಯಾಗಿತ್ತು. 2006ರ ಹರಾಜಿನಲ್ಲಿ ಬೆಲೆ 1,55,401 ಡಾಲರಿಗೆ ಏರಿತಾದರೂ ಆ ಕೂಗು ಹುಸಿಯಾಗಿತ್ತು. ಮತ್ತೆ ಹರಾಜು ಹಾಕಿದಾಗ ಬಂದದ್ದು 25,200 ಡಾಲರು. ಹರಾಜಿನ ಪಟ್ಟಿಗಳಲ್ಲಿ ನೀವು ನೋಡುವ ಕೊನೆಯ ಕೂಗು, ಯಾರೋ ನಿಜವಾಗಿ ತೆತ್ತ ಹಣವೇ ಆಗಿರಬೇಕಿಲ್ಲ.

7. ತರಿಸಿಕೊಳ್ಳುವಾಗ

ತಟ್ಟೆಯನ್ನು ಕಾಗದದ ಹೊದಿಕೆಯಲ್ಲಿಟ್ಟು, ಎರಡು ಕಡೆ ಗಟ್ಟಿ ರಟ್ಟು ಕೊಟ್ಟು, ಅಲುಗಾಡದಂತೆ ಕಟ್ಟಲು ಹೇಳಿ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಲೇಪಕ್ಕೆ ತಾಗಬಾರದು; ಅದರ ಗುರುತು ಅಚ್ಚೊತ್ತಿದಂತೆ ಉಳಿದುಬಿಡುತ್ತದೆ. ಭಾರತಕ್ಕೆ ತರಿಸಿಕೊಳ್ಳುವವರು ಸುಂಕದ ಅಧಿಕಾರಿಗಳು ಕಟ್ಟನ್ನು ಬಿಚ್ಚಬಹುದೆಂದೇ ತಿಳಿದು, ‘ಮುಖವನ್ನು ಮುಟ್ಟಬೇಡಿ, ಅಂಚನ್ನು ಹಿಡಿಯಿರಿ’ ಎಂಬ ಚೀಟಿಯನ್ನು ಒಳಗೆ ಇಡಿಸುವುದು ಲೇಸು. ಸುಂಕ ಉಳಿಸಲು ಬೆಲೆಯನ್ನು ಕಡಿಮೆ ನಮೂದಿಸುವಂತೆ ಕೇಳಬೇಡಿ. ಕಾನೂನಿನ ತೊಡಕು ಒಂದು ಕಡೆಗಿರಲಿ, ಕಟ್ಟು ಕಳೆದುಹೋದರೆ ವಿಮೆಯ ಹಣವೂ ಅಷ್ಟೇ ಬರುತ್ತದೆ. ಸಾಧ್ಯವಾದರೆ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ತಪ್ಪಿಸಿ.

8. ಮೊದಲ ಸಲ ನುಡಿಸುವಾಗಲೇ ದಾಖಲಿಸಿಕೊಳ್ಳಿ

ಪ್ರತಿ ಬಾರಿ ನುಡಿಸಿದಾಗಲೂ ತಟ್ಟೆ ಸವೆಯುವುದರಿಂದ, ‘ಒಮ್ಮೆ ಕೇಳಿ ನೋಡೋಣ’ ಎಂದು ಸುಮ್ಮನೆ ನುಡಿಸಬೇಡಿ. ಟರ್ನ್‌ಟೇಬಲ್, ಧ್ವನಿಮಟ್ಟ, ಕಂಪ್ಯೂಟರ್ ಎಲ್ಲವನ್ನೂ ಬೇರೊಂದು ಸಾಧಾರಣ ರೆಕಾರ್ಡಿನಿಂದ ಹೊಂದಿಸಿಕೊಂಡು, ಅಸಿಟೇಟಿನ ಮೊದಲ ಓಟವನ್ನೇ ದಾಖಲಿಸಿ. ಧ್ವನಿ ಸಂಗ್ರಹಾಲಯಗಳು ಅನುಸರಿಸುವ 24 ಬಿಟ್, 96 ಕಿಲೊಹರ್ಟ್ಜ್ ಪ್ರಮಾಣ ಮನೆಯಲ್ಲೂ ಸಾಧ್ಯ. ಮುಳ್ಳಿನ ಭಾರ ಒಂದೂವರೆಯಿಂದ ಎರಡು ಗ್ರಾಂ ಇದ್ದರೆ ಸಾಕು. ಡಿಜೆಗಳು ಬಳಸುವ ಭಾರದ ಕಾರ್ಟ್ರಿಡ್ಜ್ (ಮುಳ್ಳನ್ನು ಹಿಡಿದಿರುವ ಭಾಗ) ಹತ್ತಿರ ಸುಳಿಯಬಾರದು. ಮಾನೊ (ಒಂದೇ ಚಾನೆಲ್ಲಿನ ಧ್ವನಿ) ಕಾಲದ ತೋಡಿಗೆ 25 ಮೈಕ್ರಾನ್ ತುದಿಯ ಮುಳ್ಳು ಹೊಂದುತ್ತದೆ, ಅದಿಲ್ಲದಿದ್ದರೆ 18 ಮೈಕ್ರಾನಿನದು.

ಹಾಡು ಮಾನೊ ಆಗಿದ್ದರೂ ಎಡ ಮತ್ತು ಬಲ ಚಾನೆಲ್ಲುಗಳನ್ನು ಬೇರೆಬೇರೆಯಾಗಿಯೇ ದಾಖಲಿಸಿ. ತೋಡಿನ ಎರಡು ಗೋಡೆಗಳಲ್ಲಿ ಒಂದು ಹೆಚ್ಚು ಸವೆದಿರುವುದು ಸಾಮಾನ್ಯ. ಆಮೇಲೆ ಎರಡನ್ನೂ ಕೇಳಿ ಚೆನ್ನಾಗಿರುವುದನ್ನು ಮಾತ್ರ ಉಳಿಸಿಕೊಂಡರೆ ಅರ್ಧ ಗದ್ದಲ ಮಾಯವಾಗುತ್ತದೆ. ಲೇಬಲ್ಲಿನ ಮತ್ತು ಅಂಚಿನ ಚಿತ್ರಗಳನ್ನೂ ಇದೇ ಹೊತ್ತಿನಲ್ಲಿ ತೆಗೆದಿಡಿ.

9. ಶುಚಿ ಮಾಡುವುದು, ಇಡುವುದು

ಸ್ಪಿರಿಟ್, ಐಸೊಪ್ರೊಪೈಲ್ ಆಲ್ಕೊಹಾಲ್, ಅದನ್ನು ಬೆರೆಸಿದ ರೆಕಾರ್ಡ್ ಶುದ್ಧೀಕರಣ ದ್ರವ ಯಾವುದನ್ನೂ ಬಳಸಬಾರದು. ಆಲ್ಕೊಹಾಲ್ ಲೇಪಕ್ಕೇ ಹಾನಿ ಮಾಡುತ್ತದೆ. ಧೂಳಿದ್ದರೆ ಮೆದು ಕುಂಚ ಸಾಕು. ಅದಕ್ಕೂ ಹೋಗದ ಕೊಳೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ತುಸುವೇ ಒದ್ದೆ ಮಾಡಿದ ಮೆದು ಬಟ್ಟೆಯಿಂದ ತೋಡಿನ ದಿಕ್ಕಿಗೇ ಒರೆಸಿ, ಕೂಡಲೇ ಒಣಗಿಸಿ. ಲೇಬಲ್ಲಿನ ಶಾಯಿ ನೀರು ತಾಗಿದರೆ ಕದಡುತ್ತದೆ, ಅದರೊಂದಿಗೆ ನಿಮ್ಮ ಮುಖ್ಯ ಸಾಕ್ಷಿಯೂ ಹೋಗುತ್ತದೆ. ಬಿಳಿಪುಡಿಯನ್ನು ತೆಗೆಯಲು ಸಂಗ್ರಹಾಲಯಗಳಲ್ಲಿ ಅಮೋನಿಯ ಬೆರೆಸಿದ ವಿಶೇಷ ದ್ರಾವಣಗಳಿವೆ. ಅದು ಬಲ್ಲವರ ಕೆಲಸ, ಮನೆಯಲ್ಲಿ ಬೇಡ. ಲೇಪ ಎಲ್ಲಿಯಾದರೂ ಎದ್ದಿದ್ದರೆ ನೀರನ್ನೂ ತಾಗಿಸಬೇಡಿ.

ತಟ್ಟೆಗಳನ್ನು ಆಮ್ಲರಹಿತ ಕಾಗದದ ಅಥವಾ ಪಾಲಿಎಥಿಲೀನಿನ ಹೊದಿಕೆಯಲ್ಲಿ ನೇರವಾಗಿ ನಿಲ್ಲಿಸಿ ಇಡಬೇಕು. ಪಿವಿಸಿ ಹೊದಿಕೆ ಬೇಡ. ಒಂದರ ಮೇಲೊಂದು ಮಲಗಿಸಬೇಡಿ. ಉಷ್ಣತೆ 20 ಡಿಗ್ರಿಯ ಆಸುಪಾಸು, ತೇವಾಂಶ ಶೇ 40ರಿಂದ 50 ಇದ್ದರೆ ಒಳ್ಳೆಯದು. ಬೆಂಗಳೂರು, ಮೈಸೂರುಗಳಲ್ಲಿ ಇದು ಕರಾವಳಿಗಿಂತ ಸುಲಭ. ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲ ಮಾತ್ರ ಹರಳೆಣ್ಣೆಯ ಲೇಪಕ್ಕೆ ಶತ್ರು. ಅಲ್ಲಿರುವವರು ರಬ್ಬರು ಅಂಚಿನ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಮತ್ತು ತೇವಮಾಪಕವನ್ನು ಜೊತೆಗಿಟ್ಟು, ಜೆಲ್ಲನ್ನು ಕಾಲಕಾಲಕ್ಕೆ ಒಣಗಿಸಬೇಕು. ಪೂರ್ತಿ ಒಣಹವೆಯೂ ಒಳ್ಳೆಯದಲ್ಲವಾದ್ದರಿಂದ ಮಾಪಕವನ್ನು ನೋಡದೆ ಜೆಲ್ ಸುರಿಯಬೇಡಿ. ಹಗಲು ಎಸಿ ಹಾಕಿ ರಾತ್ರಿ ಆರಿಸುವ ಕೋಣೆಗಿಂತ, ಎಸಿಯೇ ಇಲ್ಲದೆ ಒಂದೇ ಸಮನಾಗಿರುವ ಒಳಕೋಣೆ ಮೇಲು, ಏಕೆಂದರೆ ಲೇಪವನ್ನು ಲೋಹದಿಂದ ಬಿಡಿಸುವುದು ಏರಿಳಿತ. ಬೀರುವಿನಲ್ಲಿಡುವುದಾದರೆ ನುಸಿಗುಳಿಗೆಯನ್ನು ತೆಗೆದುಹಾಕಿ. ಅದರ ಆವಿಗೆ ಇಂಥ ಲೇಪಗಳನ್ನು ಮೆದುವಾಗಿಸುವ ಗುಣವಿದೆ. ನೈಟ್ರೊಸೆಲ್ಯುಲೋಸ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ದೇವರ ಮನೆಯ ಮತ್ತು ಅಡುಗೆಮನೆಯ ಬದಿಯ ಕಪಾಟು ಬೇಡ.

10. ಹಾಡಿನ ಹಕ್ಕು ನಿಮ್ಮದಲ್ಲ

ತಟ್ಟೆ ಕೊಂಡರೆ ತಟ್ಟೆ ಮಾತ್ರ ನಿಮ್ಮದಾಗುತ್ತದೆ. 2018ರ ಅಮೆರಿಕದ ಸಂಗೀತ ಕಾಯಿದೆಯಂತೆ, 1957ರಿಂದ 1972ರ ಫೆಬ್ರವರಿ ಮಧ್ಯಭಾಗದವರೆಗೆ ಬಿಡುಗಡೆಯಾದ ಧ್ವನಿಮುದ್ರಣಗಳಿಗೂ, 1972ರ ಫೆಬ್ರವರಿ 15ಕ್ಕೆ ಮುಂಚೆ ಮುದ್ರಿತವಾಗಿ ಬಿಡುಗಡೆಯೇ ಆಗದವುಗಳಿಗೂ 2067ರ ಫೆಬ್ರವರಿ 15ರವರೆಗೆ ರಕ್ಷಣೆಯಿದೆ. ಬಿಡುಗಡೆಯಾಗದ ಹಾಡೆಂಬ ಹೆಮ್ಮೆಯಿಂದ ಅದನ್ನು ಅಂತರ್ಜಾಲಕ್ಕೆ ಏರಿಸಿದರೆ ಹಕ್ಕುದಾರರ ಆಕ್ಷೇಪಣೆ ಬರಬಹುದು, ಜೊತೆಗೆ ಆ ಧ್ವನಿಯಿಂದ ನಕಲು ಕೊರೆಯುವವರಿಗೆ ನೀವೇ ಸಾಮಗ್ರಿ ಒದಗಿಸಿದಂತಾಗುತ್ತದೆ. ಅದಕ್ಕಿಂತ ಮೇಲಾದ ದಾರಿಯೊಂದಿದೆ. ಲಂಡನ್ನಿನ ಏಸ್ ರೆಕಾರ್ಡ್ಸ್ ತನ್ನ ಕೆಂಟ್ ಲೇಬಲ್ಲಿನ ಮೂಲಕ ಮಾಡುತ್ತಿರುವಂತೆ, ಹಕ್ಕುದಾರರನ್ನು ಪತ್ತೆಮಾಡಿ ಗೌರವಧನ ಕೊಟ್ಟು ಹಳೆಯ ಸೋಲ್ ಹಾಡುಗಳನ್ನು ಹೊರತರುವ ಕಂಪನಿಗಳಿವೆ. ಅವರಿಗೆ ಲೇಬಲ್ಲಿನ ಚಿತ್ರ, ನೀವು ಹುಡುಕಿದ ನೋಂದಣಿಯ ವಿವರ ಮತ್ತು ಹಾಡಿನ ಒಂದು ತುಣುಕನ್ನು ಕಳುಹಿಸಿ. ಮೂಲ ಟೇಪು ಅವರ ಬಳಿ ಇಲ್ಲದಿದ್ದರೆ ನಿಮ್ಮ ತಟ್ಟೆಯನ್ನು ಕೇಳಬಹುದು. ಆಗಲೂ ತಟ್ಟೆಯನ್ನು ಅಂಚೆಗೆ ಹಾಕದೆ ಎಂಟನೆಯ ಹಂತದಲ್ಲಿ ಮಾಡಿದ ದಾಖಲೆಯನ್ನು ಮೊದಲು ಕೊಟ್ಟು, ಅದು ಸಾಲದೆಂದು ಅವರು ಕಾರಣಸಹಿತ ತಿಳಿಸಿದ ಮೇಲೆ, ಬರಹದಲ್ಲಿ ಒಪ್ಪಂದವಾದ ನಂತರವಷ್ಟೇ ತಟ್ಟೆಯನ್ನು ಕಳುಹಿಸಿ.